ದುಬಾರಿ ಕೇಬಲ್ ಮತ್ತು ಅಪ್ಪನ ಕಿವಿ

ಎರಡು ಮೀಟರಿನ ಎಚ್‌ಡಿಎಂಐ ಕೇಬಲ್ 300 ರೂಪಾಯಿಗೂ ಸಿಗುತ್ತದೆ, 30,000 ರೂಪಾಯಿಗೂ ಸಿಗುತ್ತದೆ. ಲಕ್ಷ ದಾಟಿದವೂ ಮಾರುಕಟ್ಟೆಯಲ್ಲಿವೆ. ಎಲ್ಲದರ ತುದಿಯಲ್ಲೂ ಅವೇ 19 ಪಿನ್ನುಗಳು. ಹಾಗಾದರೆ ನೂರು ಪಟ್ಟು ಹೆಚ್ಚು ಬೆಲೆ ಕೊಟ್ಟವರಿಗೆ ಏನು ಹೆಚ್ಚು ಸಿಗುತ್ತದೆ?

ನಾನು ಆಡಿಯೋ ತಜ್ಞೆಯಲ್ಲ. ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಓದಿ, ಈಗ ಪುಣೆಯಲ್ಲಿ ಕೂತು ಪದದ ಲೆಕ್ಕದಲ್ಲಿ ಅನುವಾದ ಮಾಡಿ ಬದುಕುವವಳು. ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಒಂದು ಕೊಟೇಶನ್ನಿನ ಮೂಲಕ. ಹೈದರಾಬಾದಿನಲ್ಲಿರುವ ಅಣ್ಣ ನಮ್ಮ ಜೊತೆಗಿರುವ ಅಪ್ಪನಿಗಾಗಿ ಹೋಂ ಥಿಯೇಟರ್ ಕೊಡಿಸಲು ಹೊರಟಿದ್ದ. ಅಪ್ಪ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಸಂಜೆಯಾದರೆ ಅವರಿಗೆ ರಾಜ್‌ಕುಮಾರರ ಹಳೆಯ ಸಿನಿಮಾ ಬೇಕು. ಎರಡು ವರ್ಷದಿಂದ ಅವರ ತಕರಾರು ಒಂದೇ: "ದನಿ ಕೇಳಸ್ತದ, ಮಾತು ತಿಳಿವಲ್ದು."

ಅಂಗಡಿಯವರ ಪಟ್ಟಿಯಲ್ಲಿ ರಿಸೀವರ್, ಐದು ಸ್ಪೀಕರ್, ಸಬ್‌ವೂಫರ್ ಎಲ್ಲ ಮುಗಿದ ಮೇಲೆ ಕೊನೆಯ ಸಾಲು: ಪ್ರೀಮಿಯಂ ಡಿಜಿಟಲ್ ಕೇಬಲ್ ಸೆಟ್, 14,500 ರೂಪಾಯಿ. ಅದರ ಪಕ್ಕದಲ್ಲಿ ಪೆನ್ನಿನಿಂದ "ಡೈಲಾಗ್ ಕ್ಲಾರಿಟಿಗೆ" ಎಂದು ಬರೆದಿದ್ದರು. ನನ್ನ ದರ ಪದಕ್ಕೆ 2 ರೂಪಾಯಿ. ಅಂದರೆ ಆ ಒಂದು ಸಾಲಿಗೆ ನಾನು 7,250 ಪದ ಅನುವಾದ ಮಾಡಬೇಕು. ಅಣ್ಣ ಫೋನಿನಲ್ಲಿ ಹೇಳಿದ: "ರೊಕ್ಕದ ಚಿಂತಿ ಬ್ಯಾಡ. ಅಪ್ಪಗ ಮಾತು ತಿಳೀಬೇಕು, ಅಷ್ಟ. ತಗೊಳ್ಳೂಣೇನು? ನೀನ ನೋಡಿ ಹೇಳು."

ನೋಡಿದೆ. ಮೊದಲು ತಂತಿಯಲ್ಲಿ ಏನು ಹರಿಯುತ್ತದೆ ಎಂಬುದನ್ನು ತಿಳಿಯಬೇಕಿತ್ತು.

ಹಳೆಯ ಅನಲಾಗ್ ತಂತಿಯಲ್ಲಿ ಹರಿಯುವುದು ಧ್ವನಿಯದೇ ವಿದ್ಯುತ್ ರೂಪ. ದನಿ ಏರಿದಂತೆ ವೋಲ್ಟೇಜ್ ಏರುತ್ತದೆ, ಇಳಿದಂತೆ ಇಳಿಯುತ್ತದೆ. ದಾರಿಯಲ್ಲಿ ಏನೇ ಸೇರಿಕೊಂಡರೂ ಅದು ಧ್ವನಿಯ ಭಾಗವಾಗಿಯೇ ಸ್ಪೀಕರಿಗೆ ಹೋಗುತ್ತದೆ. "ಒಳ್ಳೆಯ ತಂತಿ, ಒಳ್ಳೆಯ ಧ್ವನಿ" ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿ, ಮತ್ತು ಅಲ್ಲಿ ಅದರಲ್ಲಿ ಸತ್ಯಾಂಶವಿದೆ.

ಡಿಜಿಟಲ್ ತಂತಿಯ ಕೆಲಸ ಬೇರೆ. ಅಪ್ಪ ತರಗತಿಯಲ್ಲಿ ಉಕ್ತಲೇಖನ ಹೇಳುತ್ತಿದ್ದುದನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮಾಸ್ತರರ ಗಂಟಲು ನೆಗಡಿಯಿಂದ ಕಟ್ಟಿರಬಹುದು, ಹೊರಗೆ ಮಳೆ ಸುರಿಯುತ್ತಿರಬಹುದು. ಅವರು "ಕಮಲ" ಅಂದರೆ ಹುಡುಗರ ಪಾಟಿಯ ಮೇಲೆ ಮೂಡುವುದು "ಕಮಲ" ಎಂಬ ಮೂರೇ ಅಕ್ಷರ. ನೆಗಡಿ ಪಾಟಿಯ ಮೇಲೆ ಬರುವುದಿಲ್ಲ, ಮಳೆಯೂ ಬರುವುದಿಲ್ಲ. ಮಾಸ್ತರರಿಗೆ ಇನ್ನೂ ಇಂಪಾದ ಕಂಠವಿದ್ದಿದ್ದರೆ ಪಾಟಿಯ ಮೇಲಿನ ಕಮಲ ಇನ್ನೂ ಚಂದವಾಗುತ್ತಿತ್ತೇ? ಇಲ್ಲ. ಆದರೆ ಮಳೆ ಜೋರಾಗಿ ಹಿಂದಿನ ಬೆಂಚಿಗೆ ಮಾತೇ ಮುಟ್ಟದಿದ್ದರೆ ಹುಡುಗ "ಕಮಲ"ದ ಬದಲು "ವಿಮಲ" ಬರೆದಾನು, ಇಲ್ಲವೇ ಜಾಗ ಖಾಲಿ ಬಿಟ್ಟಾನು. ಒಂದೋ ಸರಿ, ಇಲ್ಲವೇ ತಪ್ಪು. ನಡುವೆ "ಸ್ವಲ್ಪ ಮಂಕಾದ ಕಮಲ" ಎಂಬುದಿಲ್ಲ.

ಭಾಷಾಶಾಸ್ತ್ರದವರಿಗೆ ಇದು ಹಳೆಯ ಪರಿಚಯ. 1957ರಲ್ಲಿ ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದ ಆಲ್ವಿನ್ ಲಿಬರ್‌ಮನ್ ಮತ್ತು ಸಂಗಡಿಗರು ಯಂತ್ರದಿಂದ ಉಚ್ಚಾರ ತಯಾರಿಸಿ, ಬಕಾರದಿಂದ ಡಕಾರಕ್ಕೆ, ಅಲ್ಲಿಂದ ಗಕಾರಕ್ಕೆ ಹಂತಹಂತವಾಗಿ ಜಾರಿಸಿ ಜನರಿಗೆ ಕೇಳಿಸಿದರು. ಧ್ವನಿ ಬದಲಾಗುತ್ತಿದ್ದುದು ನಿಧಾನವಾಗಿ. ಆದರೆ ಕೇಳುಗರಿಗೆ ಬ ಮತ್ತು ಡಗಳ ನಡುವಿನ ಅಕ್ಷರವೆಂಬುದು ಕೇಳಿಸಲೇ ಇಲ್ಲ. ಒಂದು ಗಡಿಯವರೆಗೆ ಬ, ಅದನ್ನು ದಾಟಿದರೆ ಥಟ್ಟನೆ ಡ. ನಮ್ಮ ಮಿದುಳು ಒರಟು ಧ್ವನಿಯನ್ನು ಅಕ್ಷರಗಳ ಗೂಡುಗಳಿಗೆ ಹಾಕಿಕೊಳ್ಳುತ್ತದೆ. ಹೋಂ ಥಿಯೇಟರಿನ ರಿಸೀವರ್ ವೋಲ್ಟೇಜಿಗೆ ಮಾಡುವುದೂ ಅದನ್ನೇ: ಗಡಿಗಿಂತ ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ತಂತಿ ಅಗ್ಗದ್ದಾಗಿ ಅಲೆಯ ಅಂಚು ಸ್ವಲ್ಪ ಮೊಂಡಾದರೂ ಗಡಿ ದಾಟಿದ್ದು ಗೊತ್ತಾದರೆ ಸಾಕು.

ಇನ್ನೊಂದು ಮಾತು. ಸಿನಿಮಾದ ಧ್ವನಿ ಬಹಳ ಸಲ ಡಾಲ್ಬಿಯಂಥ ಸಂಕೇತದಲ್ಲಿ ಹಿಂಡಿದ ದತ್ತಾಂಶವಾಗಿ ತಂತಿಯಲ್ಲಿ ಹೋಗುತ್ತದೆ. ಅದನ್ನು ಬಿಡಿಸುವುದು ರಿಸೀವರ್. ಯಾವ ಬಿಟ್ ನಾಯಕನ ಮಾತಿನದು, ಯಾವುದು ಕುದುರೆಯ ಖುರಪುಟದ್ದು ಎಂಬುದು ತಂತಿಗೆ ಗೊತ್ತಿಲ್ಲ. ಹೀಗಿರುವಾಗ ಅದು ಮಾತನ್ನು ಮಾತ್ರ ಆರಿಸಿ ಸ್ಪಷ್ಟ ಮಾಡುವುದು ಹೇಗೆ? ದತ್ತಾಂಶದ ಪ್ರತಿ ಕಂತಿನಲ್ಲೂ ತಪ್ಪು ಪತ್ತೆಹಚ್ಚುವ ಲೆಕ್ಕವಿರುತ್ತದೆ. ಬಿಟ್ಟುಗಳು ಕೆಟ್ಟರೆ ಧ್ವನಿ ಮಬ್ಬಾಗುವುದಿಲ್ಲ, ತುಂಡಾಗುತ್ತದೆ. ಎಚ್‌ಡಿಎಂಐ ಕೇಬಲ್ ಸೋತಾಗಲೂ ಹಾಗೆಯೇ: ಚಿತ್ರದಲ್ಲಿ ಬಿಳಿ ಚುಕ್ಕಿಗಳು ಮಿನುಗುತ್ತವೆ, ಪರದೆ ಕಪ್ಪಾಗುತ್ತದೆ, ಧ್ವನಿ ನಿಂತು ನಿಂತು ಬರುತ್ತದೆ. ಇವೊಂದೂ ಇಲ್ಲವಾದರೆ ಕೇಬಲ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ದುಬಾರಿ ಕೇಬಲ್ ಪರವಾದವರ ವಾದದಲ್ಲಿ ಹುರುಳೇ ಇಲ್ಲ ಎನ್ನಲಾರೆ. ಅವರು ಹೇಳುವ "ಜಿಟರ್" ನಿಜ. ಬಿಟ್ಟುಗಳು ಸರಿಯಿದ್ದೂ ಅವು ತಲುಪುವ ಸಮಯದಲ್ಲಿ ಅತಿ ಸಣ್ಣ ಏರುಪೇರು ಆಗಬಹುದು. ಸೋನಿ ಮತ್ತು ಫಿಲಿಪ್ಸ್ ಕೂಡಿ ರೂಪಿಸಿದ ಎಸ್‌ಪಿಡಿಐಎಫ್ ಪದ್ಧತಿಯಲ್ಲಿ ಗಡಿಯಾರದ ತಾಳವೂ ಅದೇ ತಂತಿಯಲ್ಲಿ ಬರುವುದರಿಂದ ಈ ಚರ್ಚೆ ಹುಟ್ಟಿತು. ಆದರೆ ಆ ತಾಳವನ್ನು ಶುದ್ಧ ಮಾಡಿಕೊಳ್ಳುವುದು ರಿಸೀವರಿನ ಕೆಲಸ. ಅದು ಆ ಕೆಲಸ ಚೆನ್ನಾಗಿ ಮಾಡದಿದ್ದರೆ ಬದಲಿಸಬೇಕಾದ್ದು ರಿಸೀವರನ್ನು. ಚಿನ್ನದ ಲೇಪನಕ್ಕೂ ಅರ್ಥವಿದೆ, ಅದು ಕಿಲುಬು ಹಿಡಿಯುವುದಿಲ್ಲ. ಮುಂಬೈ, ಚೆನ್ನೈಗಳ ಉಪ್ಪುಗಾಳಿಗೆ ಒಳ್ಳೆಯದೇ. ಆದರೆ ಸಾಧಾರಣ ಬೆಲೆಯ ಕೇಬಲ್‌ಗಳಿಗೂ ಆ ಲೇಪನ ಇರುತ್ತದೆ. ಅಂಗಡಿಯವರ ಸೆಟ್ಟಿನಲ್ಲಿದ್ದ ಆಪ್ಟಿಕಲ್ ಕೇಬಲ್‌ನ ತುದಿಗೂ ಚಿನ್ನದ ಬಣ್ಣವಿತ್ತು. ತೋಷಿಬಾ 1983ರಲ್ಲಿ ತಂದ ಈ ಟಾಸ್‌ಲಿಂಕ್ ತಂತಿಯಲ್ಲಿ ಹೋಗುವುದು ಬರೀ ಬೆಳಕು. ಬೆಳಕಿಗೆ ಬಂಗಾರದ ಬಳೆ ಯಾತಕ್ಕೆ?

ನನ್ನ ಗಂಡನ ಸಹೋದ್ಯೋಗಿಯೊಬ್ಬರ ಬಳಿ ಇಂಥದೇ ದುಬಾರಿ ಎಚ್‌ಡಿಎಂಐ ಕೇಬಲ್ ಇತ್ತು. ವ್ಯತ್ಯಾಸ ತಮಗೆ ಸ್ಪಷ್ಟವಾಗಿ ಕೇಳಿಸುತ್ತದೆ ಅಂದರು. ಅವರು ಸುಳ್ಳು ಹೇಳುವವರಲ್ಲ, ಮತ್ತು ಹಾಗೆ ಕೇಳಿಸುವುದು ಸುಳ್ಳಲ್ಲ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಪ್ರಕಟಿಸಿದ ಒಂದು ಪ್ರಯೋಗವಿದೆ. ಕಿವಿಗೆ "ಬಾ" ಎಂಬ ಧ್ವನಿ, ಕಣ್ಣಿಗೆ "ಗಾ" ಎನ್ನುತ್ತಿರುವ ತುಟಿಗಳು. ನೋಡಿದವರಲ್ಲಿ ಬಹುಪಾಲು ಜನರಿಗೆ ಕೇಳಿಸಿದ್ದು "ದಾ". ಕಣ್ಣು ಮುಚ್ಚಿದರೆ ಮತ್ತೆ "ಬಾ". ತುಟಿ ಕಂಡರೆ ಅಕ್ಷರವೇ ಬದಲಾಗುವಾಗ, ಹೆಬ್ಬೆರಳು ಗಾತ್ರದ ಹೆಣಿಗೆಯ ತಂತಿ ಮತ್ತು ಅದರ ಬೆಲೆಚೀಟಿ ಕಂಡ ಕಿವಿಗೆ ತಬಲೆ ಇನ್ನಷ್ಟು ತುಂಬಿಕೊಂಡು ಕೇಳಿಸಿದರೆ ಆಶ್ಚರ್ಯವೇನು?

ಅದಕ್ಕೇ ಕಣ್ಣನ್ನು ಬಿಟ್ಟು ಕಿವಿಯನ್ನಷ್ಟೇ ಕೇಳುವ ಪರೀಕ್ಷೆ ಬೇಕು. ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲಿ ವಿವರಿಸಿದ ಎಬಿಎಕ್ಸ್ ಎಂಬ ವಿಧಾನ ಅಂಥದ್ದು. ಉಚ್ಚಾರ ಪರೀಕ್ಷಿಸಲು ಲಿಬರ್‌ಮನ್ ತಂಡವೂ ಬಳಸಿದ್ದು ಅದನ್ನೇ. ಮೊದಲು ಎ ಕೇಳಿಸಿ, ಆಮೇಲೆ ಬಿ ಕೇಳಿಸಿ, ಕೊನೆಗೆ ಹೆಸರು ಹೇಳದೆ ಅವೆರಡರಲ್ಲೊಂದನ್ನು ಕೇಳಿಸುತ್ತಾರೆ. ಅದು ಯಾವುದೆಂದು ನೀವು ಹೇಳಬೇಕು. 16 ಸಲದಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಊಹೆಯಿಂದ ಆಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ಕೇಬಲ್ ಸೆಟ್ ಬಿಟ್ಟು ಉಳಿದದ್ದನ್ನೆಲ್ಲ ತಂದ ಮೇಲೆ ಒಂದು ಭಾನುವಾರ ಆ ಸಹೋದ್ಯೋಗಿಯವರು ತಮ್ಮ ಕೇಬಲ್ ಹಿಡಿದು ಬಂದರು. ಗಂಡ ಟಿವಿಯ ಹಿಂದೆ ಕೂತು ನಾಣ್ಯ ಚಿಮ್ಮಿ, ಬಾಯಿ ಬಿಡದೆ ಕೇಬಲ್ ಬದಲಿಸುತ್ತ ಹೋದ. ಧ್ವನಿಯ ಮಟ್ಟ ಮುಟ್ಟಲಿಲ್ಲ. 16 ಸಲ ಆದ ಮೇಲೆ ಲೆಕ್ಕ ನೋಡಿದರೆ ನನ್ನವು ಸರಿಯಾದದ್ದು 9, ಕೇಬಲ್ ಒಡೆಯರದು 7. ಇಬ್ಬರ ಕಿವಿ ಜಗತ್ತಿಗೆ ಪುರಾವೆಯಲ್ಲ. ನಮ್ಮ ಮನೆಯ 14,500ರ ಪ್ರಶ್ನೆಗೆ ಅಷ್ಟು ಸಾಕಾಗಿತ್ತು. ಅವರು ನಕ್ಕು, "ಆದರೂ ನಮ್ಮ ಮನೇಲಿ ಬೇರೆ ಥರ ಕೇಳಿಸತ್ತೆ ರೀ" ಅಂದರು. ಇರಲಿ. ಇಷ್ಟಪಟ್ಟು ಕೊಂಡ ವಸ್ತುವಿನ ಸುಖವೂ ಸುಖವೇ. ಅದನ್ನು ಧ್ವನಿಯ ಹೆಸರಿನಲ್ಲಿ ಮಾರಬಾರದು, ಅಷ್ಟೆ.

ಅಪ್ಪ ಇದನ್ನೆಲ್ಲ ನೋಡುತ್ತ ಕೂತಿದ್ದರು. ಕೊನೆಗೆ, "ಯಾವ ವೈರ್ ಹಾಕಿದ್ರೂ ನನಗ ಒಂದ. ಅಂವ ಹಾಲು ಅಂದ್ನೋ ಸಾಲು ಅಂದ್ನೋ ತಿಳಿವಲ್ದು" ಅಂದರು.

ಆ ಒಂದು ವಾಕ್ಯದಲ್ಲಿ ರೋಗದ ಗುರುತು ಪೂರ್ತಿ ಇತ್ತು. ಹಾಲು, ಸಾಲು, ಕಾಲು, ಪಾಲು: ಇವುಗಳಲ್ಲಿ ಬೇರೆಯಾಗುವುದು ಮೊದಲ ವ್ಯಂಜನ ಮಾತ್ರ. ಮಾತಿನ ಬಲವೆಲ್ಲ ಸ್ವರಗಳಲ್ಲಿರುತ್ತದೆ, ಅವು ಕೆಳಗಿನ ಕಂಪನಾಂಕದವು. ಪದಗಳನ್ನು ಬೇರ್ಪಡಿಸುವ ಸ, ಶ, ತ, ಕಗಳಂಥ ವ್ಯಂಜನಗಳು ಕ್ಷೀಣ. ಸಕಾರದ ಸುಯ್ಯುವಿಕೆಯಂತೂ 4,000 ಹರ್ಟ್ಸ್‌ಗಿಂತ ಮೇಲೇ ಹೆಚ್ಚು. ವಯಸ್ಸಿನ ಕಿವುಡು ಶುರುವಾಗುವುದು ಮೇಲಿನ ಕಂಪನಾಂಕಗಳಿಂದ. ಹಾಗಾಗಿ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಅಪ್ಪ ಎರಡು ವರ್ಷದಿಂದ ಹೇಳುತ್ತಿದ್ದುದು ಇದನ್ನೇ, ಶಬ್ದಶಃ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ: ಕೇಬಲ್ ಬೇಡ, ಕಿವಿ ತೋರಿಸೋಣ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಒಪ್ಪತಾರೇನು?" ಅಂದ. ಅವನ ಅಳುಕು ನನಗೆ ಅರ್ಥವಾಯಿತು. ತಂತಿಯಲ್ಲಿ ದೋಷವಿದೆ ಎಂದರೆ ಹಣ ಕೊಟ್ಟು ಮುಗಿಸಬಹುದು. ನಲವತ್ತು ಮಕ್ಕಳ ಗದ್ದಲದಲ್ಲೂ ಹಿಂದಿನ ಬೆಂಚಿನ ಪಿಸುಮಾತು ಹಿಡಿಯುತ್ತಿದ್ದ ಮಾಸ್ತರರಿಗೆ ನಿಮ್ಮ ಕಿವಿ ಮಂದವಾಗಿದೆ ಎನ್ನುವುದು ಹಾಗಲ್ಲ. ಅಪ್ಪ ಮೊದಲು ಒಪ್ಪಲಿಲ್ಲ. "ಕಿವುಡ ಮಾಸ್ತರ ಅಂತ ಹೆಸರಿಡತಾರ" ಅಂದರು. ಒಪ್ಪಿಸಲು ಎರಡು ವಾರ ಹಿಡಿಯಿತು. ಪರೀಕ್ಷೆಯ ನಕ್ಷೆಯಲ್ಲಿ ಗೆರೆ 2,000 ಹರ್ಟ್ಸ್‌ವರೆಗೆ ಹೆಚ್ಚು ಕಡಿಮೆ ಸಮವಾಗಿ ಬಂದು, ಅಲ್ಲಿಂದ ಮುಂದೆ ಘಟ್ಟ ಇಳಿದಂತೆ ಇಳಿದಿತ್ತು.

ಕೇಬಲ್ಲಿನ ಹಣ ಶ್ರವಣಯಂತ್ರದ ಮೊದಲ ಕಂತಿಗೆ ಹೋಯಿತು. ಅದು ಪವಾಡವೇನಲ್ಲ. ಮೊದಲ ವಾರ ಕುಕ್ಕರ್ ಸೀಟಿಗೆ ಬೇಸತ್ತು ತೆಗೆದಿಟ್ಟುಬಿಡುತ್ತಿದ್ದರು. ಮಿದುಳಿಗೆ ಮತ್ತೆ ರೂಢಿಯಾಗಲು ತಿಂಗಳುಗಳು ಬೇಕು. ಈಗ ಸಿನಿಮಾದ ಹೊತ್ತಿಗೆ ತಾವೇ ಕೇಳಿ ಹಾಕಿಕೊಳ್ಳುತ್ತಾರೆ. ಇಂಥ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮುಂಬೈಯಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಸಿಕಂದರಾಬಾದಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ.

ಇನ್ನು ಹೋಂ ಥಿಯೇಟರ್ ಕೊಳ್ಳಲಿರುವವರಿಗೆ ನಾನು ತಿಳಿದುಕೊಂಡ ನಾಲ್ಕು ಮಾತು. 4ಕೆ ಟಿವಿಗೆ 18 ಗಿಗಾಬಿಟ್‌ನ "ಪ್ರೀಮಿಯಂ ಹೈ ಸ್ಪೀಡ್" ಎಚ್‌ಡಿಎಂಐ ಸಾಕು. 8ಕೆ ಅಥವಾ ವೇಗದ ಗೇಮ್ ಆಡುವವರಿಗೆ 48 ಗಿಗಾಬಿಟ್‌ನ "ಅಲ್ಟ್ರಾ ಹೈ ಸ್ಪೀಡ್". ಡಬ್ಬಿಯ ಮೇಲಿನ ಪ್ರಮಾಣಪತ್ರದ ಚೀಟಿಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ, ಬೆಲೆಗಿಂತ ಅದು ಮುಖ್ಯ. ಹೆಚ್ಚು ಹಣ ಕೊಡುವುದು ನ್ಯಾಯವಾಗುವುದು ಉದ್ದಕ್ಕೆ: ಪ್ರೊಜೆಕ್ಟರಿಗೆ 10-15 ಮೀಟರ್ ಎಳೆಯಬೇಕಾದರೆ ತಾಮ್ರ ಸೋಲುತ್ತದೆ, ಬೆಳಕಿನ ಎಳೆಯ ಎಚ್‌ಡಿಎಂಐ ಬೇಕಾಗುತ್ತದೆ. ಡಾಲ್ಬಿ ಟ್ರೂಎಚ್‌ಡಿಯಂಥ ನಷ್ಟವಿಲ್ಲದ ಧ್ವನಿ ಟಾಸ್‌ಲಿಂಕ್‌ನಲ್ಲಿ ಎಷ್ಟೇ ಬೆಲೆ ಕೊಟ್ಟರೂ ಹೋಗದು. ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಎರಡು ಪೆಟ್ಟಿಗೆಗಳ ನಡುವೆ ಗುಂಯ್ ಎನ್ನುವ ಸದ್ದು ಬರುತ್ತಿದ್ದರೆ, ಅಗ್ಗದ ಟಾಸ್‌ಲಿಂಕ್ ಅದನ್ನು ನಿಲ್ಲಿಸಬಹುದು. ಅದರಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ.

ಮಾತು ಸ್ಪಷ್ಟವಾಗಬೇಕಾದರೆ ಹಣ ಹೋಗಬೇಕಾದ್ದು ನಡುವಿನ ಸ್ಪೀಕರಿಗೆ. ಸಿನಿಮಾದ ಸಂಭಾಷಣೆ ಬಹುಮಟ್ಟಿಗೆ ಬರುವುದು ಅದರಿಂದಲೇ. 1972ರ "ಬಂಗಾರದ ಮನುಷ್ಯ"ದ ಕಾಲದ ಮೋನೋ ಧ್ವನಿಯನ್ನೂ ರಿಸೀವರಿನ ಸರೌಂಡ್ ವ್ಯವಸ್ಥೆ ನಡುವಿನ ಸ್ಪೀಕರಿಗೇ ಕಳಿಸುತ್ತದೆ. ಆ ಸ್ಪೀಕರನ್ನು ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತುರುಕದೆ ಕಿವಿಯ ಮಟ್ಟಕ್ಕೆ ತಿರುಗಿಸಿ, ಸೆಟ್ಟಿಂಗಿನಲ್ಲಿ ಅದರ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಿ. ಬರಿಯ ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ಕಲಸಿಹೋಗುತ್ತದೆ. ದಪ್ಪ ಪರದೆ, ಒಂದು ಜಮಖಾನ ಹಾಕಿದರೆ ವ್ಯತ್ಯಾಸ ಯಾರಿಗಾದರೂ ಕೇಳಿಸುತ್ತದೆ, ನಾಣ್ಯ ಚಿಮ್ಮುವ ಅಗತ್ಯವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮನೆಯ ಹಿರಿಯರೊಬ್ಬರು "ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ" ಎನ್ನುತ್ತಿದ್ದರೆ, ಆ ಮಾತನ್ನು ಟಿವಿಯ ಮೇಲಿನ ದೂರು ಎಂದುಕೊಂಡು ಅಂಗಡಿಗೆ ಒಯ್ಯಬೇಡಿ. ಅವರನ್ನು ಕರೆದುಕೊಂಡು ಕಿವಿ ತೋರಿಸಿ ಬನ್ನಿ.