ಸೋಡಾ ಸಪ್ಪೆಯಾದ್ರೆ ಮೊದಲು ಫ್ರಿಜ್ ನೋಡಿ

ಸೆಕೆ ಸುರುವಾದ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧ ಸೋಡಾದ್ದೇ. ಈಗ ನಮ್ಮವರ ನಾಲ್ಕೈದು ಮನೆಯಲ್ಲಿ ಸೋಡಾ ಮೆಷಿನ್ ಉಂಟಲ್ಲ. "ಅಕ್ಕ, ಎಷ್ಟು ಒತ್ತಿದ್ರೂ ಗ್ಯಾಸ್ ಹಿಡಿಯುದೇ ಇಲ್ಲ" ಅಂತ ಒಬ್ರು. "ಗ್ಲಾಸಿಗೆ ಹಾಕಿದ ಕೂಡ್ಲೇ ಉಕ್ಕಿ ಮೇಜೆಲ್ಲ ಚಂಡಿ" ಅಂತ ಕಾರ್ಕಳದ ಚಿಕ್ಕಮ್ಮ.

ಕಾಪುವಿನ ನನ್ನ ನಾದಿನಿಗೆ ಮಾತ್ರ ಇದು ನಗುವ ವಿಷಯ ಅಲ್ಲ. ಅವಳು ಈ ಬೇಸಿಗೆಯಲ್ಲಿ ಪುನರ್ಪುಳಿ ಸೋಡಾ ಮಾಡಿ, ಬೀಚಿಗೆ ಬರುವವರಿಗೆ ಮಾರ್ಲಿಕ್ಕೆ ಸುರು ಮಾಡಿದ್ದು. ಮೆಷಿನ್ ತಂದದ್ದು ಸಂಘದ ಸಾಲದಲ್ಲಿ. ಎರಡೇ ವಾರದಲ್ಲಿ ಗಿರಾಕಿಗಳು "ಇದು ಸೋಡಾ ಅಲ್ಲ, ಬರೀ ಶರಬತ್ತು" ಅನ್ಲಿಕ್ಕೆ ಹಿಡಿದ್ರು. ಗ್ಯಾಸ್ ತುಂಬಿಸಿ ಕೊಡುವವರು "ಮೆಷಿನ್ನೇ ಹಾಳು, ಹೊಸತು ತಗೊಳ್ಳಿ" ಅಂದ್ರಂತೆ. ಅವಳು ಬಳೆ ಅಡವಿಡುವ ಮಾತಾಡಿದಾಗ ನಾನು "ಎರಡು ದಿನ ನಿಲ್ಲು ಮಾರಾಯ್ತಿ" ಅಂದೆ.

ಯಾಕೆ ಅಂದ್ರೆ ಅಮೆರಿಕದಲ್ಲಿರುವ ನನ್ನ ಅಣ್ಣನ ಮಗನಿಗೆ ಈ ವಿದ್ಯೆ ಗೊತ್ತುಂಟು. ಅವನು ಮನೆಯಲ್ಲೇ ಬಿಯರ್ ಮಾಡುವವ. (ಅತ್ತಿಗೆ ಬೈಯುದು ಬೇರೆ ವಿಷಯ.) ಬಿಯರನ್ನು ಕೆಗ್ ಅಂತ ಒಂದು ಸ್ಟೀಲಿನ ಕ್ಯಾನಿಗೆ ತುಂಬಿಸಿ, ಸಿಲಿಂಡರಿನಿಂದ ಗ್ಯಾಸ್ ಕೊಡುದು. ಬಿಯರಿಗೂ ಸೋಡಾಕ್ಕೂ ಒಂದೇ ಗ್ಯಾಸು, ಕಾರ್ಬನ್ ಡೈ ಆಕ್ಸೈಡು. ಸೋಡಾ ಹುಟ್ಟಿದ್ದೇ ಬಿಯರಿನ ಹತ್ತಿರ ಅಂತೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನುವವರು ಬಿಯರ್ ಹುಳಿ ಬರುವ ದೊಡ್ಡ ತೊಟ್ಟಿಯ ಮೇಲೆ ನೀರು ಇಟ್ಟು, ಆ ಗ್ಯಾಸ್ ನೀರಿಗೆ ಸೇರುವುದನ್ನು ಕಂಡದ್ದು. ಹುಡುಗ ಫೋನಿನಲ್ಲಿ ಹೇಳಿದ ಕ್ರಮದಲ್ಲೇ ನಾವಿಬ್ರು ಒಂದೊಂದೇ ನೋಡಿದೆವು.

ಮೊದಲನೆಯದು ತಂಪು. ಸಕ್ಕರೆ ಬಿಸಿ ನೀರಿನಲ್ಲಿ ಬೇಗ ಕರಗ್ತದೆ, ಗ್ಯಾಸಿಂದು ಉಲ್ಟಾ. ಒತ್ತಡ ಒಂದೇ ಇದ್ರೂ 5 ಡಿಗ್ರಿಯ ನೀರು ಹಿಡಿಯುವ ಗ್ಯಾಸ್, 30 ಡಿಗ್ರಿಯ ನೀರು ಹಿಡಿಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ನಮ್ಮ ಊರಿನ ಸೆಕೆಗೆ ಕೊಡಪಾನದ ನೀರೇ 30 ಡಿಗ್ರಿ ಇರ್ತದೆ. ನಾದಿನಿ ನೀರನ್ನು ಒಂದು ಗಂಟೆ ಫ್ರಿಜ್ಜಿನಲ್ಲಿ ಇಡ್ತಿದ್ಲು, ಅದೂ ಮೀನು, ತರಕಾರಿ ಎಲ್ಲ ತುಂಬಿದ ಫ್ರಿಜ್ಜು. ಅದು ಸಾಲುದಿಲ್ಲ, ಹಿಂದಿನ ರಾತ್ರಿಯೇ ಇಡ್ಬೇಕು. ಇನ್ನೊಂದು, ಅವಳ ಪುನರ್ಪುಳಿ ರಸ ಬಿಸಿಲಲ್ಲೇ ಇರ್ತಿತ್ತು. ತಂಪು ಸೋಡಾಕ್ಕೆ ಬಿಸಿ ರಸ ಸೇರಿದ್ರೆ ಹಿಡಿದ ಗ್ಯಾಸೂ ಹೋಗ್ತದೆ. ಈಗ ರಸವನ್ನೂ ಐಸಿನ ಡಬ್ಬಿಯಲ್ಲೇ ಇಡ್ತಾಳೆ.

ಎರಡನೆಯದು ಸೋರುದು. ಗೋಲಿ ಸೋಡಾ ನೆನಪುಂಟಲ್ಲ? ಒಳಗಿನ ಗ್ಯಾಸೇ ಗೋಲಿಯನ್ನು ಬಾಯಿಯ ರಬ್ಬರಿಗೆ ಒತ್ತಿ ಹಿಡಿಯುದು. ಹೈರಮ್ ಕಾಡ್ ಎಂಬ ಇಂಗ್ಲೆಂಡಿನವರು 1872ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡದ್ದು. ರಬ್ಬರ್ ಹೋದ್ರೆ ಸೋಡಾ ಹೋಯ್ತು. ನಮ್ಮ ಮೆಷಿನ್ನೂ ಹಾಗೆಯೇ. ಒತ್ತುವಾಗ ಬಾಟ್ಲಿಯ ಬಾಯಿಯ ಹತ್ತಿರ ಸುಯ್ ಅಂತ ಕೇಳಿದ್ರೆ ವಾಷರ್ ನೋಡಿ. ನಾದಿನಿಯದ್ದು ಒಣಗಿ ಬಿರುಕು ಬಿಟ್ಟಿತ್ತು. ಹುಡುಗನ ಕೆಗ್ಗಿಗೆ ಪೈಪು ಇರುವ ಕಾರಣ ಅವನು ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರ್ತದಾ ನೋಡ್ತಾನಂತೆ. ನಾವು ಸ್ಟೌವಿನ ಪೈಪಿಗೆ ಮಾಡುದೂ ಅದೇ ಅಲ್ವಾ.

ಮೂರನೆಯದು ಸಿಲಿಂಡರ್ ಖಾಲಿಯಾ ಅಂತ. ಅಲ್ಲಾಡಿಸಿ ನೋಡಿದ್ರೆ ಗೊತ್ತಾಗುದಿಲ್ಲ, ತೂಕ ಮಾಡಿ. ಹೊಸತು ತಂದ ದಿನವೇ ಅಡುಗೆಯ ತಕ್ಕಡಿಯಲ್ಲಿ ಇಟ್ಟು ತೂಕ ಬರೆದಿಡಿ. ಪೂರ್ತಿ ಮುಗಿದಾಗ ಇನ್ನೊಮ್ಮೆ ಬರೆದಿಟ್ರೆ ಮುಂದಿನ ಸರ್ತಿ ಎಷ್ಟು ಉಳಿದಿದೆ ಅಂತ ನೀವೇ ಹೇಳ್ಬಹುದು, ಅಂಗಡಿಯವರ ಮಾತು ನಂಬ್ಬೇಕು ಅಂತ ಇಲ್ಲ. ಸಿಲಿಂಡರನ್ನು ಒಲೆಯ ಹತ್ತಿರ, ಬಿಸಿಲಲ್ಲಿ ಇಡ್ಲೇಬೇಡಿ.

ಮತ್ತೆ ಒತ್ತುವ ಕ್ರಮ. ಬಾಟ್ಲಿಯ ಗೆರೆಯವರೆಗೆ ಮಾತ್ರ ನೀರು. ಒಂದೇ ಸಮ ಒತ್ತುವ ಬದಲು ಸಣ್ಣ ಸಣ್ಣದಾಗಿ ಮೂರ್ನಾಲ್ಕು ಸಲ. ಆಮೇಲೆ ಮುಚ್ಚಳ ಗಟ್ಟಿ ಹಾಕಿ ಅರ್ಧ ಗಂಟೆ ಪುನಃ ಫ್ರಿಜ್ಜಿಗೆ. ಬರೀ ನೀರಿಗೆ ಮಾತ್ರ ಗ್ಯಾಸ್ ಕೊಡಿ, ರಸ, ಸಕ್ಕರೆ ಎಲ್ಲ ಆಮೇಲೆ. ಮೆಷಿನ್ನಿನ ಬಾಟ್ಲಿ ಬಿಟ್ಟು ಬೇರೆ ಬಾಟ್ಲಿ ಸಿಕ್ಕಿಸ್ಬೇಡಿ. ಬಾಟ್ಲಿಯಲ್ಲಿ ತಾರೀಕು ಇರ್ತದೆ, ಅದು ದಾಟಿದ್ರೆ ಬಿಸಾಡಿ. ಬಿಸಿ ನೀರಲ್ಲಿ ತೊಳೆದ್ರೂ ಅದು ಹಾಳಾಗ್ತದೆ. ಒಡೆದ್ರೆ ಮುಖಕ್ಕೇ ಬರುದು, ಮಕ್ಕಳಿರುವ ಮನೆಯಲ್ಲಿ ಜಾಗ್ರತೆ.

ಇನ್ನು ಚಿಕ್ಕಮ್ಮನ ಉಕ್ಕುವ ಸೋಡಾ. ಅವರು ಸೋಡಾ ಹಾಕಿದ ಮೇಲೆ ಉಪ್ಪು, ಜೀರಿಗೆ ಪುಡಿ ಉದುರಿಸುದು. ಪುಡಿಯ ಒಂದೊಂದು ಕಣದ ಮೇಲೂ ಗುಳ್ಳೆ ಏಳ್ತದೆ, ಉಕ್ಕದೆ ಇರ್ತದಾ? ಉಪ್ಪು, ಜೀರಿಗೆಯನ್ನು ಮೊದಲೇ ರಸದಲ್ಲಿ ಕಲಸಿ, ಗ್ಲಾಸ್ ವಾರೆ ಹಿಡಿದು ಬದಿಯಿಂದ ಮೆಲ್ಲ ಸೋಡಾ ಹೊಯ್ಯಿರಿ. ಬಿಯರನ್ನೂ ಹೀಗೆಯೇ ಹೊಯ್ಯುದಂತೆ.

ನಾದಿನಿಗೆ ಆದ ಖರ್ಚು ಒಂದು ವಾಷರ್ ಮಾತ್ರ. ಫ್ರಿಜ್ಜಿನ ಒಂದು ಅರೆ ಸೋಡಾಕ್ಕೇ ಅಂತ ಬಿಟ್ಟಿದ್ದಾಳೆ, ಮೆಷಿನ್ ಹಳೆಯದ್ದೇ. ಬಳೆ ಕೈಯಲ್ಲೇ ಉಂಟು, ಈ ತಿಂಗಳ ಸಾಲದ ಕಂತೂ ಹೋಯ್ತು. ಕಾಪು ಬದಿಗೆ ಹೋದ್ರೆ ಒಂದು ಗ್ಲಾಸ್ ಕುಡಿದು ಬನ್ನಿ. ಇಷ್ಟೆಲ್ಲ ಮಾಡಿಯೂ ನಿಮ್ಮದು ಸಪ್ಪೆಯಾದ್ರೆ ನನಗೆ ಫೋನ್ ಮಾಡಿ. ಮಧ್ಯಾಹ್ನ ಊಟ ಆದ ಮೇಲೆ ಆಯ್ತಾ, ಬೆಳಿಗ್ಗೆ ಬೇಡ.