ಅಲಂಪುರದಲ್ಲಿ ಒಂದು ದಿನ

ರಾಯಚೂರಿನಿಂದ ಬೆಳಗಿನ ರೈಲಿನಲ್ಲಿ ಗದ್ವಾಲಕ್ಕೆ ಬಂದು, ಅಲ್ಲಿಂದ ರಸ್ತೆಯ ಮೂಲಕ ನಾವು ಮೂರು ಕುಟುಂಬಗಳವರು ಮಕ್ಕಳೊಂದಿಗೆ ಅಲಂಪುರ ತಲುಪಿದೆವು. ತುಂಗಭದ್ರೆಯ ದಡದ ಈ ಊರು ಈಗ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಗೆ ಸೇರಿದೆ. ಕನ್ನಡಿಗರಿಗೆ ಮಾತ್ರ ಇದು ಪರ ಊರೆನಿಸದು. ಬಾದಾಮಿ ಚಾಲುಕ್ಯರು ಏಳು-ಎಂಟನೆಯ ಶತಮಾನಗಳಲ್ಲಿ ಕಟ್ಟಿಸಿದ ನವಬ್ರಹ್ಮ ಗುಡಿಗಳು ಇಲ್ಲಿವೆ. ಹೆಸರು ಬ್ರಹ್ಮನದಾದರೂ ಒಂಬತ್ತೂ ಶಿವಾಲಯಗಳೇ. ಪಟ್ಟದಕಲ್ಲನ್ನು ಕಂಡವರಿಗೆ ಇಲ್ಲಿನ ಶಿಖರಗಳು ಹಳೆಯ ಪರಿಚಯದವರಂತೆ ತೋರುತ್ತವೆ.

ಗುಡಿಗಳನ್ನು ನೋಡಿ ನದಿಯತ್ತ ಹೋದರೆ ಎತ್ತರದ ತಡೆಗೋಡೆ ಎದುರಾಗುತ್ತದೆ. ಶ್ರೀಶೈಲ ಜಲಾಶಯದ ಹಿನ್ನೀರಿನಿಂದ ಊರನ್ನು ಕಾಯಲು ಕಟ್ಟಿದ್ದು ಅದು. ಊರ ಬಳಿಯೇ ಸಂಗಮೇಶ್ವರ ದೇವಾಲಯವಿದೆ. ಅದು ಮೊದಲು ಇದ್ದದ್ದು ಕೃಷ್ಣಾ-ತುಂಗಭದ್ರೆಯರು ಕೂಡುವ ಕೂಡವೆಲ್ಲಿಯಲ್ಲಿ. ಆ ಸ್ಥಳ ಮುಳುಗಡೆಯಾಗಲಿದ್ದುದರಿಂದ ಕಲ್ಲುಗಳಿಗೆ ಗುರುತು ಹಾಕಿ, ಬಿಚ್ಚಿ ತಂದು, ಇಲ್ಲಿ ಮತ್ತೆ ಜೋಡಿಸಿದರು. ಪಾಪನಾಶಿಯ ಇಪ್ಪತ್ತಕ್ಕೂ ಹೆಚ್ಚು ಗುಡಿಗಳನ್ನೂ ಹೀಗೆಯೇ ಸ್ಥಳಾಂತರಿಸಲಾಯಿತು. ಎಂಥ ಶ್ರದ್ಧೆಯ ಕೆಲಸ! ನಾವು ಮೆಚ್ಚಿ ನಿಂತಿದ್ದಾಗ ಮಕ್ಕಳಲ್ಲೊಬ್ಬಳು ಕೇಳಿದಳು: ‘ದೇವರ ಮನೆಯನ್ನು ಇಲ್ಲಿಗೆ ತಂದರು, ಸರಿ. ಆ ಊರಿನವರ ಮನೆಗಳನ್ನು ಎಲ್ಲಿಗೆ ತಂದರು?’

ನಮ್ಮಲ್ಲಿ ಯಾರೂ ತಟ್ಟನೆ ಉತ್ತರಿಸಲಿಲ್ಲ. ನೂರಕ್ಕೂ ಹೆಚ್ಚು ಹಳ್ಳಿಗಳ ಸುಮಾರು ಒಂದು ಲಕ್ಷ ಜನ ಶ್ರೀಶೈಲ ಯೋಜನೆಗಾಗಿ ನೆಲೆ ಬಿಟ್ಟರು. 1981ರಲ್ಲಿ, ಕದಲದೆ ಉಳಿದವರ ಮನೆಗಳನ್ನು ಕೆಡವಿಸಲಾಯಿತು. ಕುಟುಂಬಕ್ಕೊಂದು ಉದ್ಯೋಗವೆಂಬ ಭರವಸೆಯ ಸರ್ಕಾರಿ ಆದೇಶ 1986ರಲ್ಲಿ ಬಂತು. ಅದು ಕೈಗೂಡಲೆಂದು ದಶಕಗಳ ನಂತರವೂ ಸಂತ್ರಸ್ತರು ಹೋರಾಡಬೇಕಾಯಿತು. ಅದೇ ನೀರಿನಿಂದ ಎರಡೂ ದಂಡೆಗಳ ವಿದ್ಯುದಾಗಾರಗಳಲ್ಲಿ ಒಟ್ಟು 1,670 ಮೆಗಾವಾಟ್ ಉತ್ಪಾದಿಸುವ ಸಾಮರ್ಥ್ಯವಿದೆ. ದೀಪ ಬೇಡವೆಂದು ಯಾರೂ ಹೇಳಲಾರರು. ಹೊಗೆಯಿಲ್ಲದ ವಿದ್ಯುತ್ತು ಲೋಕಕ್ಕೆ ಬೇಕೇ ಬೇಕು. ಆದರೆ ಎಣ್ಣೆ ಸುರಿದವರ ಮನೆಯಲ್ಲೇ ಕತ್ತಲಿದ್ದರೆ?

ಇದೇ ಸೀಮೆಯಲ್ಲಿ, ಗದ್ವಾಲದ ಮೇಲ್ಭಾಗದಲ್ಲಿ ಜುರಾಲ ಅಣೆಕಟ್ಟು ಇದೆ. ಅಲ್ಲಿನ 234 ಮೆಗಾವಾಟ್ ಜಲವಿದ್ಯುತ್ ಯೋಜನೆಯಲ್ಲಿ ಕರ್ನಾಟಕಕ್ಕೂ ಸಮಪಾಲು ಎಂದು ಒಪ್ಪಂದವಾಯಿತು. ರಾಜ್ಯಗಳು ಹೀಗೆ ಪಾಲು ಕೇಳಿ ಪಡೆಯಬಲ್ಲವು. ಮುಳುಗುವ ಹಳ್ಳಿಗೆ ಆ ಬಲವಿಲ್ಲ. ನಮ್ಮ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಲ್ಲಿ ಬೇರೆ ದಾರಿ ಹಿಡಿದರು. ಸುಮಾರು 13,000 ಎಕರೆ ಜಮೀನನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಸುವ ಕರಾರು ಮಾಡಿಕೊಂಡರು. ಬರದ ನಾಡಿನ ರೈತರು ಮುಂದೆ ಬಂದು ಒಪ್ಪಿದ್ದು ಇದರಿಂದಲೇ. ಅಲ್ಲೂ ಭೂಮಿಯಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣವಿಲ್ಲ, ಹೊಲದ ಕೆಲಸವೂ ಹೋಯಿತು ಎಂಬ ಕೊರಗು ಉಳಿದಿದೆ. ಒಪ್ಪಿಗೆ ಕೇಳುವುದೆಂದರೆ ಪಹಣಿ ಇದ್ದವರನ್ನು ಮಾತ್ರ ಕೇಳಿದರೆ ಸಾಲದು.

ಸಂಜೆ ಮರಳುವಾಗ ಊರಿನ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಅಲಂಪುರಕ್ಕೆ ಹೋಗುವ ಓದುಗರು ಸಂಗಮೇಶ್ವರನ ಗುಡಿಯನ್ನೂ ತಪ್ಪದೆ ನೋಡಿ ಬನ್ನಿ. ಮಕ್ಕಳನ್ನೂ ಕರೆದೊಯ್ಯಿರಿ. ಅವರು ಕೇಳುವ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಮ್ಮದು.