ಬ್ರೇಕ್ ಪೆಡಲ್ ಕಲ್ಲಾದಾಗ

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಹಳೇ ಡೀಸೆಲ್ ಕಾರಿದೆ. ಬಣಕಲ್ ಆಚೆಗಿನ ನಮ್ಮೂರಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಶುರುವಾದರೆ ಮೊದಲ ಫೋನು ಬರೋದು ಅವರಿಗೇ. ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಅಲ್ಲಿಗೆ ಹೋಗಬೇಕಾದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳೀಬೇಕು. ಹಾಗಾಗಿ ಕಳೆದ ಮಳೆಗಾಲದಲ್ಲಿ ಆ ಕಾರಿನ ಬ್ರೇಕ್ ಪೆಡಲ್ ಗಟ್ಟಿಯಾಯ್ತು ಅಂದಾಗ ಅದು ಚಿಕ್ಕಪ್ಪ ಒಬ್ಬರ ತಲೆನೋವಾಗಿ ಉಳೀಲಿಲ್ಲ.

ಗಟ್ಟಿ ಅಂದರೆ ಎಷ್ಟು ತುಳಿದರೂ ಕಾಲಡಿ ಕಲ್ಲು ಸಿಕ್ಕ ಹಾಗೆ. ಕಾರು ನಿಲ್ಲುತ್ತದೆ, ಆದರೆ ಸೀಟಿಗೆ ಬೆನ್ನು ಕೊಟ್ಟು ಒದೀಬೇಕು. ಪೆಡಲ್ ಮೆತ್ತಗಾಗಿ ಕೆಳಗಿನವರೆಗೂ ಹೋಗೋದು ಬೇರೆ ಕಾಯಿಲೆ. ಅದು ಸಾಮಾನ್ಯವಾಗಿ ಪೈಪಿನಲ್ಲಿ ಗಾಳಿ ಸೇರಿದ್ದು ಅಥವಾ ಬ್ರೇಕ್ ಆಯಿಲ್ ಸೋರಿದ್ದು. ಇವೆರಡನ್ನೂ 'ಬ್ರೇಕ್ ಸರಿಯಿಲ್ಲ' ಅಂತ ಒಂದೇ ಮಾತಲ್ಲಿ ಹೇಳಿದರೆ ಮೆಕ್ಯಾನಿಕ್‌ಗೂ ದಾರಿ ತಪ್ಪುತ್ತದೆ.

ಪೇಟೆಯ ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ಬದಲಾಯಿಸಿದರು. ಬಿಲ್ಲು 2,800 ರೂಪಾಯಿ. ವಾಪಸ್ ಬರುವಾಗ ದಾರಿಯಲ್ಲೇ ಮತ್ತೆ ಅದೇ ಕಥೆ. ಪ್ಯಾಡ್ ಸುಟ್ಟು ನುಣುಪಾಗಿದ್ದರೂ, ಚಕ್ರದ ಹತ್ತಿರ ಕ್ಯಾಲಿಪರ್ ಹಿಡಿದುಕೊಂಡಿದ್ದರೂ ಬ್ರೇಕ್ ಗಟ್ಟಿ ಅನ್ನಿಸಬಹುದು, ನಿಜ. ಆದರೆ ಮೊದಲು ನೋಡಬೇಕಾದ್ದು ಚಕ್ರವನ್ನಲ್ಲ.

ಕಾರಿನ ಬ್ರೇಕ್ ಮೆತ್ತಗೆ ಇರೋದು ನಮ್ಮ ಕಾಲಿನ ಬಲದಿಂದಲ್ಲ. ಬಾನೆಟ್ ಎತ್ತಿ ಡ್ರೈವರ್ ಕಡೆ ನೋಡಿ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಗೋಡೆಗೆ ಅಂಟಿದಂತೆ ಕಪ್ಪು ತಗಡಿನ ದುಂಡು ಡಬ್ಬಿ ಇರುತ್ತದೆ. ಅದೇ ಬೂಸ್ಟರ್. ಅದರೊಳಗೆ ಒಂದು ರಬ್ಬರ್ ಪರದೆ. ಎಂಜಿನ್ ಓಡುವಾಗ ಆ ಡಬ್ಬಿಯ ಗಾಳಿಯನ್ನು ಒಂದು ಪೈಪ್ ಎಳೆದುಕೊಳ್ಳುತ್ತದೆ. ನಾವು ತುಳಿದಾಗ ಪರದೆಯ ಒಂದು ಬದಿಗೆ ಹೊರಗಿನ ಗಾಳಿ ನುಗ್ಗಿ, ನಮ್ಮ ಕಾಲಿನ ಜೊತೆ ತಾನೂ ತಳ್ಳುತ್ತದೆ. ಪೆಟ್ರೋಲ್ ಕಾರಿನಲ್ಲಿ ಗಾಳಿ ಎಳೆಯುವ ಕೆಲಸ ಎಂಜಿನ್ನಿನದೇ. ಡೀಸೆಲ್‌ನಲ್ಲಿ ಅದಕ್ಕೆಂದೇ ಚಿಕ್ಕ ವ್ಯಾಕ್ಯೂಮ್ ಪಂಪ್ ಇರುತ್ತದೆ, ಕೆಲವು ಕಾರುಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ.

ಹಾಲು ಕರೆಯೋ ಮಿಷನ್ ಇರೋ ಮನೆಯವರಿಗೆ ಇದು ಹೊಸದಲ್ಲ. ಅದು ಕೆಚ್ಚಲು ಹಿಡಿಯೋದೂ ಗಾಳಿ ಎಳೆಯೋದರಿಂದಲೇ, ಪೈಪು ಸೀಳಿದರೆ ಕಪ್ಪು ಕಳಚಿ ಬೀಳುತ್ತದೆ. ಕಾರಿನ ರೋಗ ಹಿಡಿದವರು ನಮ್ಮ ಚಿಕ್ಕಮ್ಮ. ಚಿಕ್ಕಪ್ಪ ಅಂಗಳದಲ್ಲಿ ಎಂಜಿನ್ ಬಿಟ್ಟು, ಬಾನೆಟ್ ಎತ್ತಿ ತಲೆ ಕೆರೆದುಕೊಳ್ಳುತ್ತಿದ್ದಾಗ ಕೊಟ್ಟಿಗೆಯಿಂದ ಬಂದವರು ಒಂದು ಗಳಿಗೆ ನಿಂತರು.

"ರೀ, ಎಲ್ಲೋ ಗಾಳಿ ಎಳೀತಾ ಇದೆ. ನಮ್ಮ ಮಿಷನ್ ಪೈಪು ಒಡೆದಾಗ ಹಿಂಗೇ ಸುಂಯ್ ಅನ್ನೋದು."

"ನೀನು ಹಾಲು ಡೈರಿಗೆ ಕಳ್ಸು ಹೋಗು, ಹೊತ್ತಾಯ್ತು" ಅಂದರು ಚಿಕ್ಕಪ್ಪ. ಅವರು ಹೋದ ಮೇಲೆ ಕಿವಿ ಕೊಟ್ಟು ಕೇಳಿದರು. ಡೀಸೆಲ್ ಎಂಜಿನ್ನಿನ ಗದ್ದಲದ ನಡುವೆ ಸಣ್ಣಗೆ ಸುಂಯ್ ಅನ್ನೋದು ನನಗೂ ಕೇಳಿಸಿತು.

ಕಿವಿಯನ್ನಷ್ಟೇ ನಂಬೋದು ಬೇಡ ಅಂತ ಒಂದು ಪರೀಕ್ಷೆ ಮಾಡಿದೆವು. ಇದಕ್ಕೆ ಸ್ಪ್ಯಾನರ್ ಕೂಡ ಬೇಡ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಎಂಜಿನ್ ಆಫ್ ಮಾಡಿ. ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಪೂರ್ತಿ ಗಟ್ಟಿಯಾಗುತ್ತದೆ. ಆಮೇಲೆ ಕಾಲು ತೆಗೆಯದೆ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರಿಗೆ ಗಾಳಿಯ ಬಲ ಸಿಗುತ್ತಿದೆ ಅಂತ ಅರ್ಥ. ನಮ್ಮದು ಇಳೀಲಿಲ್ಲ. ಇನ್ನೊಂದು: ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ ತುಳಿಯಿರಿ. ಎಲ್ಲ ಸರಿ ಇದ್ದರೆ ಮೊದಲ ತುಳಿತ ಮೆತ್ತಗಿದ್ದು, ಎರಡನೇದು ಮೂರನೇದಕ್ಕೆ ಮೇಲೇರುತ್ತಾ ಗಟ್ಟಿಯಾಗುತ್ತದೆ. ಮೊದಲನೇದೇ ಕಲ್ಲಾಗಿದ್ದರೆ ಗಾಳಿ ನಿಲ್ಲುತ್ತಿಲ್ಲ.

ಈ ಗಾಳಿ ನಿಲ್ಲಿಸೋದಕ್ಕೆ ಪೈಪಿನಲ್ಲೋ, ಅದು ಬೂಸ್ಟರಿಗೆ ಸೇರುವ ಜಾಗದಲ್ಲೋ ಒಂದು ಪ್ಲಾಸ್ಟಿಕ್ ವಾಲ್ವ್ ಇರುತ್ತದೆ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೀರನ್ನು ವಾಪಸ್ ಬಿಡದ ಹಾಗೆ ಇದು ಗಾಳಿಯನ್ನು ಒಂದೇ ಕಡೆ ಬಿಡುತ್ತದೆ. ಬಿಚ್ಚಿ ಎಂಜಿನ್ ಕಡೆಯ ತುದಿಯಿಂದ ಊದಿದರೆ ಹೋಗಬಾರದು, ಬೂಸ್ಟರ್ ಕಡೆಯಿಂದ ಊದಿದರೆ ಹೋಗಬೇಕು. ನಮ್ಮ ವಾಲ್ವ್ ಚೆನ್ನಾಗಿತ್ತು. ಪೈಪನ್ನು ಬಾಗಿಸಿ ನೋಡಿದಾಗ ಕ್ಲಿಪ್ಪಿನ ಪಕ್ಕದಲ್ಲೇ ಸೀಳು ಬಾಯಿ ಬಿಟ್ಟಿತು. ನೇರವಾಗಿ ಹಿಡಿದರೆ ಏನೂ ಕಾಣದು. ಬಿಸಿಗೆ ರಬ್ಬರ್ ಒಣಗಿ ಬಿರಿದಿತ್ತು.

ಇದರ ಜೊತೆ ಇನ್ನೊಂದು ಮಾತು ಹೇಳದೇ ಇರಲಾರೆ. ನಮ್ಮ ಕಡೆ ಘಾಟಿ ಇಳಿಯುವಾಗ ಎಣ್ಣೆ ಉಳಿಯಲಿ ಅಂತ ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡೋರು ಈಗಲೂ ಇದ್ದಾರೆ. ಬೂಸ್ಟರಿನಲ್ಲಿ ಉಳಿದ ಬಲ ಎರಡು ಮೂರು ತುಳಿತಕ್ಕೆ ಮುಗೀತು. ಆಮೇಲೆ ಒಳ್ಳೇ ಕಾರಿನ ಪೆಡಲೂ ಕಲ್ಲೇ. ಪವರ್ ಸ್ಟೀರಿಂಗೂ ಭಾರ. ಕೀ ಪೂರ್ತಿ ತಿರುಗಿಸಿ ಎಳೆದರೆ ಸ್ಟೀರಿಂಗ್ ಲಾಕ್ ಆಗಬಹುದು. ಚಾರ್ಮಾಡಿಯ ತಿರುವಿನಲ್ಲಿ ನಾಲ್ಕು ಕಾಸಿನ ಡೀಸೆಲ್ ಉಳಿಸೋ ಈ ಲೆಕ್ಕ ನನಗಂತೂ ಅರ್ಥವಾಗಿಲ್ಲ.

ಓಡುವಾಗಲೇ ಪೆಡಲ್ ಗಟ್ಟಿಯಾದರೆ ಬ್ರೇಕ್ ಹೋಯಿತು ಅಂತ ಕಾಲು ತೆಗೆಯಬೇಡಿ. ಬೂಸ್ಟರ್ ಕೈಕೊಟ್ಟಿದ್ದರೆ ಬ್ರೇಕ್ ಇದ್ದೇ ಇದೆ, ಸಹಾಯ ಮಾತ್ರ ಇಲ್ಲ. ಬಿಟ್ಟು ಬಿಟ್ಟು ತುಳಿಯದೆ, ಬೇಕಾದರೆ ಎರಡೂ ಕಾಲಲ್ಲಿ ಒಂದೇ ಸಮ ಒತ್ತಿ ಹಿಡಿಯಿರಿ. ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕ್ ಗುಂಡಿ ಒತ್ತಿಕೊಂಡೇ ನಿಧಾನಕ್ಕೆ ಎಳೆಯಿರಿ. ಗಾಡಿ ನಿಂತ ಮೇಲೆ ಅದೇ ಸ್ಥಿತಿಯಲ್ಲಿ ಮುಂದೆ ಹೋಗೋದು ಬೇಡ.

ಹೊಸ ಪೈಪಿಗೆ, ಎರಡು ಕ್ಲಿಪ್ಪಿಗೆ ಸೇರಿ ಮೂಡಿಗೆರೆಯಲ್ಲಿ 350 ರೂಪಾಯಿ ಆಯ್ತು. ಅದಕ್ಕೂ ಮುಂಚೆ ಪಕ್ಕದ ಮನೆಯವರು ತೋಟಕ್ಕೆ ನೀರು ಬಿಡೋ ಪೈಪಿನ ತುಂಡು ತಂದು, ಇದನ್ನೇ ಸಿಕ್ಕಿಸಿ ಅಂದಿದ್ದರು. ಅದು ಆಗೋದಿಲ್ಲ. ತೆಳು ಪೈಪು ಒಳಗಿನ ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಹಳೇ ಪೈಪನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪ್ ಅಂತಲೇ ಕೇಳಿ. ವಾಲ್ವ್ ಪೈಪಿನ ಜೊತೆಗೇ ಬರುತ್ತದೋ ಬಿಡಿಯಾಗಿ ಕೊಳ್ಳಬೇಕೋ ಅಂತಲೂ ಅಂಗಡಿಯಲ್ಲೇ ವಿಚಾರಿಸಿಕೊಳ್ಳಿ.